ವಾರ್ಡಿನ ಫೋನ್ ಮನೆ ಮುಟ್ಟುವ ತನಕ ಬೇಡ

ಸಿಸ್ಟರ್, ನೈಟ್ ಡ್ಯೂಟಿ ಮುಗಿಸಿ ಸ್ಕೂಟರ್‌ನಲ್ಲಿ ಹೋಗುವಾಗ ವಾರ್ಡಿನಿಂದ ಫೋನ್ ಬರುತ್ತಲೇ ಇರುತ್ತದೆ, ಬ್ಲೂಟೂತ್‌ನಲ್ಲಿ ಮಾತಾಡಿದರೆ ಪರವಾಗಿಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. "ಆರನೇ ಬೆಡ್ಡಿನವರಿಗೆ ಇನ್ಸುಲಿನ್ ಎಷ್ಟು ಯೂನಿಟ್ ಕೊಟ್ರಿ?" ಅಂದ ಕೂಡಲೇ ಕಣ್ಣು ರಸ್ತೆ ಮೇಲಿದ್ದರೂ ಮನಸ್ಸು ಚಾರ್ಟ್ ಹುಡುಕುತ್ತಿರುತ್ತದೆ ಅಲ್ವಾ? ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡೇ ಸೆಕೆಂಡಿಗೆ 22 ಮೀಟರ್ ದಾಟಿರುತ್ತೀರಿ. ಅದೂ ರಾತ್ರಿಯೆಲ್ಲಾ ನಿದ್ದೆಗೆಟ್ಟು. ಹ್ಯಾಂಡ್ಸ್‌ಫ್ರೀ ಇದ್ದರೂ ಅಪಾಯ ಹೆಚ್ಚೇನೂ ತಗ್ಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಫೋನ್ ಕೈಯಲ್ಲಿ ಹಿಡಿದರಂತೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪರಾಧ.

ನನಗೆ ಜಾಸ್ತಿ ಭಯ ಇನ್ನೊಂದಕ್ಕೆ. ಗಾಳಿ, ಹಾರ್ನ್ ಸದ್ದಿನಲ್ಲಿ ನೀವು ನಾಲ್ಕು ಅಂದದ್ದು ಅವರಿಗೆ ಹದಿನಾಲ್ಕು ಅಂತ ಕೇಳಿಸಿದರೆ ರೋಗಿಯ ಗತಿ ಏನು?

ಹ್ಯಾಂಡೋವರ್, ಅಂದರೆ ಮುಂದಿನ ಡ್ಯೂಟಿಯವರಿಗೆ ಒಪ್ಪಿಸುವ ರೋಗಿಗಳ ವಿವರ, ಪೂರ್ತಿ ಬರೆದಿಡಿ. ಪಾರ್ಕಿಂಗ್‌ನಲ್ಲಿ ನಿಂತೇ ಒಮ್ಮೆ ಫೋನ್ ಮಾಡಿ, "ಇನ್ನೇನಾದ್ರೂ ಕೇಳೋದಿದೆಯಾ?" ಅನ್ನಿ. ಆಮೇಲೆ ಸೈಲೆಂಟ್ ಮಾಡಿ ಸೀಟಿನ ಕೆಳಗೆ ಹಾಕಿಬಿಡಿ. ಇನ್‌ಚಾರ್ಜ್ ಸಿಸ್ಟರ್‌ಗೂ ಮೊದಲೇ ಹೇಳಿರಿ: ಮನೆ ಮುಟ್ಟಿದ ಮೇಲೆ ನಾನೇ ಮಾಡ್ತೀನಿ, ಅರ್ಜೆಂಟ್ ಇದ್ದರೆ ಡ್ಯೂಟಿ ಡಾಕ್ಟರನ್ನು ಕೇಳಿ.