ಮೂರು ಆ್ಯಪ್, ಮೂರು ಲೆಕ್ಕ: ಯಾವುದನ್ನು ನಂಬೋದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ತೂಕ ಇಳಿಯಬೇಕಾದರೆ ದಿನಕ್ಕೆ ಎಷ್ಟು ಕ್ಯಾಲರಿ ತಿನ್ನಬೇಕು? ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದವರೂ ಅದನ್ನು ಓದಿಕೊಂಡರೆ ಅರ್ಧ ಸಂದೇಹ ಅಲ್ಲೇ ತೀರುತ್ತದೆ.

ಪ್ರಶ್ನೆ: ನನಗೆ 34 ವರ್ಷ. ಎತ್ತರ 158 ಸೆಂ.ಮೀ., ತೂಕ 74 ಕಿಲೋ. ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಒಂದು ಆ್ಯಪ್ ದಿನಕ್ಕೆ 1200 ಕ್ಯಾಲರಿ ಅನ್ನುತ್ತದೆ, ಇನ್ನೊಂದು 1420, ಮತ್ತೊಂದು 1920. ಯಾವುದನ್ನು ನಂಬಲಿ? – ದಾವಣಗೆರೆಯ ಓದುಗರು

ಉತ್ತರ: ತಮಾಷೆ ಏನಪ್ಪಾ ಅಂದ್ರೆ, ಈ ಮೂರೂ ಸಂಖ್ಯೆ ಒಂದೇ ಸೂತ್ರದಿಂದ ಬರಬಹುದು. 1990ರಲ್ಲಿ ಬಂದ ಮಿಫ್ಲಿನ್-ಸೇಂಟ್ ಜಿಯೋರ್ ಅನ್ನುವ ಸೂತ್ರವನ್ನು ಬಹಳಷ್ಟು ಆ್ಯಪ್‌ಗಳು ಬಳಸುತ್ತವೆ. ಕೈಯಲ್ಲೇ ಮಾಡಿ ನೋಡಿ. ತೂಕವನ್ನು 10ರಿಂದ ಗುಣಿಸಿ, 740. ಎತ್ತರವನ್ನು 6.25ರಿಂದ ಗುಣಿಸಿ, 987. ಎರಡನ್ನೂ ಕೂಡಿಸಿ, ಅದರಲ್ಲಿ ವಯಸ್ಸಿನ ಐದು ಪಟ್ಟು, ಅಂದರೆ 170 ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ನಿಮಗೆ ಸುಮಾರು 1396 ಬಂತು. ಇಡೀ ದಿನ ಸುಮ್ನೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು, ಲಿವರ್ ಇವೆಲ್ಲ ನಡೆಯೋಕೆ ಬೇಕಾದ ಖರ್ಚು ಇದು.

ಇದರ ಮೇಲೆ ನಿಮ್ಮ ಓಡಾಟದ ಲೆಕ್ಕ. ಕೂತೇ ಕೆಲಸ ಮಾಡುವವರು 1.2ರಿಂದ ಗುಣಿಸಬೇಕು, ಸ್ವಲ್ಪ ಓಡಾಟ ಇರುವವರು 1.375ರಿಂದ. ಮೊದಲನೆಯದರಲ್ಲಿ 1675 ಬರುತ್ತದೆ, ಎರಡನೆಯದರಲ್ಲಿ 1920. ನಿಮ್ಮ ಮೂರನೇ ಆ್ಯಪ್ ಹೇಳಿದ್ದು ಇದೇ 1920. ಅದು ತೂಕ ಇಳಿಸುವ ಸಂಖ್ಯೆಯೇ ಅಲ್ಲ, ಇದ್ದಷ್ಟೇ ಉಳಿಸಿಕೊಳ್ಳುವ ಸಂಖ್ಯೆ. ಎರಡನೇ ಆ್ಯಪ್ ಅದರಲ್ಲಿ 500 ಕಳೆದಿದೆ. ಮೊದಲನೆಯದರಲ್ಲಿ ನೀವು ಬಹುಶಃ ವಾರಕ್ಕೆ 1 ಕಿಲೋ ಇಳಿಯಬೇಕು ಅಂತ ಒತ್ತಿದ್ದೀರಿ. 1 ಕಿಲೋ ಮೈಕೊಬ್ಬಿಗೆ ಹತ್ತಿರಹತ್ತಿರ 7700 ಕ್ಯಾಲರಿ, ಅಂದರೆ ದಿನಕ್ಕೆ 1100 ಕಡಿಮೆ ತಿನ್ನಬೇಕು. 1675ರಲ್ಲಿ 1100 ಕಳೆದರೆ ಉಳಿಯೋದು 575, ಅಷ್ಟರಲ್ಲಿ ಮನುಷ್ಯರು ಬದುಕೋದು ಹೇಗೆ? ಅದಕ್ಕೇ ಹೆಂಗಸರಿಗೆ 1200ಕ್ಕಿಂತ ಕೆಳಗೆ ಹೋಗದಂತೆ ಬಹಳಷ್ಟು ಆ್ಯಪ್‌ಗಳಿಗೆ ಒಂದು ತಡೆ ಹಾಕಿರುತ್ತಾರೆ. ನಿಮಗೆ ಕಂಡ 1200 ಆ ತಡೆ ಅಷ್ಟೇ. ನಿಮ್ಮ ದೇಹ ನೋಡಿ ಹಾಕಿದ ಲೆಕ್ಕ ಅದಲ್ಲ, ಹಾಗಾಗಿ ಅದನ್ನು ಪಥ್ಯ ಅಂತ ಹಿಡಿದುಕೊಂಡು ಹಸಿವಿನಲ್ಲಿ ಒದ್ದಾಡಬೇಡಿ.

ಎಲ್ಲರೂ ತಪ್ಪುವ ಜಾಗ ಈ 1.2, 1.375ರ ಆಯ್ಕೆ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡಿ, ಆಮೇಲೆ ಎಂಟು ಗಂಟೆ ಕುರ್ಚಿಯಲ್ಲಿ ಕೂತವರು ಕೂಡ ‘ಚಟುವಟಿಕೆಯ ಜೀವನ’ ಅಂತ ಒತ್ತಿಬಿಡುತ್ತಾರೆ. ನೀವು 1.2 ಹಿಡಿಯಿರಿ. ಇನ್ನೊಂದು ಮಾತು, ಈ ಸೂತ್ರ ಕಟ್ಟಿದ್ದು ಅಮೆರಿಕದ ಜನರನ್ನು ಅಳೆದು. ಅಷ್ಟೇ ತೂಕದ ನಮ್ಮವರಲ್ಲಿ ಸಾಮಾನ್ಯವಾಗಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರ 2010ರ ವರದಿಯಲ್ಲಿ ಭಾರತೀಯರಿಗೆ ಅಂತಾರಾಷ್ಟ್ರೀಯ ಸೂತ್ರಗಳಿಗಿಂತ ಸುಮಾರು ಶೇ 5ರಷ್ಟು ಕಡಿಮೆ ಹಿಡಿದಿದ್ದರು. ಹಾಗೆ ನೋಡಿದರೆ ನಿಮ್ಮ ದಿನದ ಖರ್ಚು 1600ರಿಂದ 1675ರ ನಡುವೆ ಎಲ್ಲೋ ಇದೆ. ಅದರಲ್ಲಿ 300ರಷ್ಟು ಕಳೆದು 1350ರಿಂದ ಶುರು ಮಾಡಿ.

ಶುರು ಮಾಡಿ ಅಂದೆ, ಯಾಕಂದ್ರೆ ಇದಿನ್ನೂ ಊಹೆಯೇ. ನಿಮ್ಮ ನಿಜವಾದ ಲೆಕ್ಕ ಹೇಳೋದು ನಿಮ್ಮ ಮನೆಯ ತೂಕದ ಯಂತ್ರ. ನಾಲ್ಕು ವಾರ ತಿಂದದ್ದನ್ನೆಲ್ಲ ಬರೆದಿಡಿ, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡಿದ್ದು, ಮಗು ಬಿಟ್ಟ ಅರ್ಧ ದೋಸೆ, ಮೂರನೇ ಲೋಟ ಕಾಫಿ, ಯಾವುದನ್ನೂ ಬಿಡದೆ. ದಿನಾ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ಒಂದೊಂದು ದಿನದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದು ಹೆಚ್ಚಾಗಿ ನೀರು ಮತ್ತು ಉಪ್ಪಿನ ಆಟ. ಮೊದಲ ವಾರ ಜರ್ರನೆ ಒಂದೂವರೆ ಕಿಲೋ ಇಳಿದರೂ ಕುಣಿಯಬೇಡಿ. ಲಿವರ್ ಮತ್ತು ಮಾಂಸಖಂಡದಲ್ಲಿರುವ ಸಕ್ಕರೆಯ ದಾಸ್ತಾನು ಖಾಲಿಯಾಗುವಾಗ ಅದಕ್ಕೆ ಅಂಟಿಕೊಂಡ ಮೂರು ಪಟ್ಟು ನೀರೂ ಹೋಗುತ್ತದೆ. ಮುಟ್ಟಿನ ಹತ್ತಿರದ ದಿನಗಳಲ್ಲಿ ಒಂದೆರಡು ಕಿಲೋ ಏರೋದೂ ಇದೆ. ಆದ್ದರಿಂದ ಈ ತಿಂಗಳ ಒಂದು ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ.

ಈಗ ಲೆಕ್ಕ ತಿರುಗಿಸಿ. 1350 ತಿಂದು ಎರಡನೇ ವಾರದಿಂದ ವಾರಕ್ಕೆ ಸರಾಸರಿ 300 ಗ್ರಾಂ ಇಳಿದಿದ್ದರೆ, 0.3ನ್ನು 7700ರಿಂದ ಗುಣಿಸಿ 7ರಿಂದ ಭಾಗಿಸಿ. 330 ಬಂತು. ಅಂದರೆ ನಿಮ್ಮ ದಿನದ ನಿಜವಾದ ಖರ್ಚು 1680. ಈ ಸಂಖ್ಯೆ ಯಾವ ಆ್ಯಪ್‌ಗೂ ಗೊತ್ತಿರಲಿಲ್ಲ ಅಲ್ವಾ? ಏನೂ ಇಳಿದಿಲ್ಲವಾದರೆ ಮೊದಲು ಬರೆದಿಟ್ಟ ಲೆಕ್ಕವನ್ನು ಅನುಮಾನಿಸಿ, ಥೈರಾಯ್ಡನ್ನು ಆಮೇಲೆ. 1992ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಹೆಸರಾಂತ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯೋದಿಲ್ಲ ಎನ್ನುತ್ತಿದ್ದವರನ್ನು ಅಳೆದು ನೋಡಿದರು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು. ಅವರು ಬೇಕಂತ ಸುಳ್ಳು ಬರೆದರು ಅಂತಲ್ಲ, ಕಣ್ಣಂದಾಜು ಇರೋದೇ ಹಾಗೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅಂತಾರೆ, ನನಗೆ ಇಳಿದಿಲ್ಲ. ಒಂದು ಮುದ್ದೆಗೆ ಎಷ್ಟು ಕ್ಯಾಲರಿ ಅಂತ ಲೆಕ್ಕ ಹಾಕೋದು? – ಮಂಡ್ಯದ ಓದುಗರು

ಉತ್ತರ: ಮುದ್ದೆ ತೂಗಬೇಡಿ, ಹಿಟ್ಟು ತೂಗಿ. ಮುದ್ದೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಅದೂ ತೊಳಸುವವರ ಕೈ ಮೇಲೆ ಹೋಗುತ್ತದೆ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲರಿ, 100 ಗ್ರಾಂ ಅಕ್ಕಿಗೆ ಸುಮಾರು 350. ಅಂದರೆ 80 ಗ್ರಾಂ ಹಿಟ್ಟಿನ ಮುದ್ದೆ 255ರ ಹತ್ತಿರ, ಅಷ್ಟೇ ಅಕ್ಕಿಯ ಅನ್ನ 280. ಅಂಥಾ ದೊಡ್ಡ ವ್ಯತ್ಯಾಸ ಏನಿಲ್ಲ ನೋಡಿ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ, ಮುದ್ದೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಅದು ನಿಜವಾದ ಲಾಭ. ಆದರೆ ಮುದ್ದೆಗೆ ತೂಕ ಕರಗಿಸುವ ಮಾಯವೇನೂ ಇಲ್ಲ. ದೊಡ್ಡ ಮುದ್ದೆ ಎರಡು ನುಂಗಿದರೆ ಎರಡು ಮುದ್ದೆಯ ಲೆಕ್ಕವೇ.

ನಿಮ್ಮ ಲೆಕ್ಕ ತಪ್ಪುತ್ತಿರೋದು ಬಹುಶಃ ಸಾರಿನಲ್ಲಿ. ಒಂದು ದೊಡ್ಡ ಚಮಚ ಎಣ್ಣೆ 14 ಗ್ರಾಂ ತೂಗುತ್ತದೆ. ಕೊಬ್ಬಿನ ಅಂಶ ಗ್ರಾಂಗೆ 9 ಕ್ಯಾಲರಿ, ಆದ್ದರಿಂದ 126. ಇದು ಅರ್ಧ ಮುದ್ದೆಗೆ ಸಮ, ಒಗ್ಗರಣೆಯಲ್ಲಿ ಕಣ್ಣಿಗೂ ಕಾಣೋದಿಲ್ಲ. ಹಸಿ ಕಾಯಿತುರಿ 100 ಗ್ರಾಂಗೆ 350ರಿಂದ 400. ಎಣ್ಣೆ ಯಾವ ಗಾಣದ್ದಾದರೂ, ಕಡಲೆಕಾಯಿಯದ್ದಾಗಲಿ ಕೊಬ್ಬರಿಯದ್ದಾಗಲಿ, ಕ್ಯಾಲರಿ ಒಂದೇ. ‘ಮರದ ಗಾಣದ್ದು, ಏನೂ ಆಗಲ್ಲ’ ಅಂತ ಕೈ ಸಡಿಲ ಬಿಡುವವರು ಈಗ ಜಾಸ್ತಿಯಾಗಿದ್ದಾರೆ.

ಒಟ್ಟು ಕುಟುಂಬಕ್ಕೆ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡುವಾಗ ಒಬ್ಬೊಬ್ಬರ ತಟ್ಟೆ ತೂಗೋದು ಆಗದ ಮಾತು. ಸುಲಭದ ದಾರಿ ಇದು. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ಊಟ ಮಾಡುವವರ ಸಂಖ್ಯೆಯಿಂದ, ಮತ್ತೆ 30ರಿಂದ ಭಾಗಿಸಿ. ನಾಲ್ಕು ಜನರ ಮನೆಗೆ 4 ಲೀಟರ್ ಬಂದರೆ ಒಬ್ಬರಿಗೆ ದಿನಕ್ಕೆ 33 ಮಿಲಿ, ಅಂದರೆ ಸುಮಾರು 270 ಕ್ಯಾಲರಿ ಎಣ್ಣೆಯಿಂದಲೇ. ಅದನ್ನು 2 ಲೀಟರಿಗೆ ಇಳಿಸಿದರೆ ಮುದ್ದೆ ಮುಟ್ಟದೆಯೇ ದಿನಕ್ಕೆ 135 ಉಳಿಯಿತು. ಹಾಲಿಗೂ ಹೀಗೇ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಶೇ 3 ಕೊಬ್ಬು ಇರುತ್ತದೆ, 100 ಮಿಲಿಗೆ 60ರ ಆಸುಪಾಸು ಕ್ಯಾಲರಿ. ಅದಕ್ಕೆ ಎರಡು ಟೀ ಚಮಚ ಸಕ್ಕರೆ ಸೇರಿದರೆ ಇನ್ನೊಂದು 40. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ನೀವೇ ಕೂಡಿಸಿಕೊಳ್ಳಿ.

ಪ್ರಶ್ನೆ: ನಾನು ಜಿಮ್‌ನಲ್ಲಿ ಒಂದು ಗಂಟೆ ಕಳೆದರೆ ವಾಚು 600 ಕ್ಯಾಲರಿ ಖರ್ಚಾಯಿತು ಅಂತ ತೋರಿಸುತ್ತದೆ. ಅಷ್ಟನ್ನು ಸಂಜೆ ತಿನ್ನಬಹುದಾ? – ಬೆಂಗಳೂರಿನ ಸಾಫ್ಟ್‌ವೇರ್ ಓದುಗರು

ಉತ್ತರ: ಬೇಡ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ವಾಚುಗಳನ್ನು ಪರೀಕ್ಷಿಸಿದರು. ಎದೆ ಬಡಿತ ಚೆನ್ನಾಗಿಯೇ ಎಣಿಸಿದವು. ಕ್ಯಾಲರಿ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ವಾಚಿನದ್ದೇ ಸರಾಸರಿ ಶೇ 27 ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು ಶೇ 93. ಅಲ್ಲದೆ ಕೆಲವು ವಾಚುಗಳು ಆ ಗಂಟೆಯಲ್ಲಿ ಸುಮ್ನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನೂ ಸೇರಿಸಿ ತೋರಿಸುತ್ತವೆ. ಇನ್ನು ವಿಶ್ರಾಂತಿಯ ಖರ್ಚನ್ನು 1.375ರಿಂದ, ಅಥವಾ ಇನ್ನೂ ಹೆಚ್ಚು ಓಡಾಟ ಇರುವವರ 1.55ರಿಂದ ಮೊದಲೇ ಗುಣಿಸಿದ್ದರೆ ವ್ಯಾಯಾಮದ ಲೆಕ್ಕ ಅಲ್ಲೇ ಬಂದುಬಿಟ್ಟಿದೆ. ಅದನ್ನೇ ಮತ್ತೆ ತಿಂದರೆ ಒಂದೇ ಸಂಬಳವನ್ನು ಎರಡು ಸಲ ಖರ್ಚು ಮಾಡಿದಂತೆ. ಸುಮಾರಾಗಿ ಹೇಳೋದಾದರೆ 70 ಕಿಲೋ ತೂಕದವರು 1 ಕಿ.ಮೀ. ನಡೆದರೆ 50 ಕ್ಯಾಲರಿ. ಕಬ್ಬನ್ ಪಾರ್ಕಿನಲ್ಲಿ 4 ಕಿ.ಮೀ. ನಡೆದು ಹೊರಗೆ ಬಂದು ಒಂದು ಮಸಾಲೆ ದೋಸೆ ತಿಂದರೆ ಲೆಕ್ಕ ಮೈನಸ್ಸಿಗೆ ಹೋಗಿರುತ್ತದೆ. ಜಿಮ್ ಬಿಡಬೇಡಿ, ಭಾರ ಎತ್ತೋದರಿಂದ ಮಾಂಸಖಂಡ ಉಳಿಯುತ್ತದೆ. ತಿನ್ನೋಕೆ ಅದನ್ನು ನೆಪ ಮಾಡಿಕೊಳ್ಳಬೇಡಿ, ಅಷ್ಟೇ.

ಪ್ರಶ್ನೆ: 41 ವರ್ಷ, 172 ಸೆಂ.ಮೀ. 92 ಕಿಲೋದಿಂದ 83ಕ್ಕೆ ಬಂದೆ. ಈಗ ಅದೇ ಊಟ, ಅದೇ ವಾಕಿಂಗ್, ತೂಕ ಅಲ್ಲೇ ನಿಂತಿದೆ. – ಹುಬ್ಬಳ್ಳಿಯ ಓದುಗರು

ಉತ್ತರ: 9 ಕಿಲೋ ಇಳಿಸಿದ್ದು ಸಣ್ಣ ವಿಷಯ ಅಲ್ಲ, ಅದನ್ನು ಮೊದಲು ಹೇಳುತ್ತೇನೆ. ಸೂತ್ರಕ್ಕೆ ಹಾಕಿದರೆ ನಿಮ್ಮ ವಿಶ್ರಾಂತಿಯ ಖರ್ಚು 1795 ಇದ್ದದ್ದು 1705ಕ್ಕೆ ಬಂದಿದೆ. ಓಡಾಟ ಸೇರಿಸಿದರೆ ದಿನಕ್ಕೆ 120ರಷ್ಟು ಕಡಿಮೆ. ಮೈ ಹಗುರಾದ ಮೇಲೆ ಅದೇ ವಾಕಿಂಗ್‌ಗೂ ಖರ್ಚು ಕಡಿಮೆಯೇ. ಇದರ ಮೇಲೆ ದೇಹ ತಾನೇ ಸ್ವಲ್ಪ ಕೈ ಬಿಗಿ ಮಾಡುತ್ತದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಕೆಲವೇ ತಿಂಗಳಲ್ಲಿ ಭಾರೀ ತೂಕ ಇಳಿಸಿದವರನ್ನು ಆರು ವರ್ಷದ ನಂತರ ಅಳೆದಾಗ, ಅವರ ವಿಶ್ರಾಂತಿಯ ಖರ್ಚು ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಇತ್ತು, 2016ರಲ್ಲಿ ಆ ವರದಿ ಬಂತು. ಹೆದರಬೇಡಿ, ಅವರು ಇಳಿಸಿದ ರೀತಿಯೇ ಬೇರೆ, ನಿಮ್ಮದು ಅಷ್ಟಾಗಿರೋದಿಲ್ಲ.

ಇನ್ನೊಂದನ್ನೂ ನೋಡಿ. ಮೊದಮೊದಲು ಅಳೆದು ಹಾಕಿಕೊಂಡ ಶೇಂಗಾ ಚಟ್ನಿಪುಡಿ ಮತ್ತು ಎಣ್ಣೆ ಈಗಲೂ ಅಷ್ಟೇ ಇದೆಯಾ? ಹೆಚ್ಚಿನವರಲ್ಲಿ ಕೈ ತಾನಾಗಿ ದೊಡ್ಡದಾಗಿರುತ್ತದೆ. ಎರಡು ವಾರ ಮತ್ತೆ ತೂಗಿ ಬರೆಯಿರಿ. ಆಗಲೂ ಇಳಿಯದಿದ್ದರೆ 150 ಕಡಿಮೆ ಮಾಡಿ. ಅಥವಾ ಒಂದೆರಡು ತಿಂಗಳು ಇಲ್ಲೇ ನಿಂತು, 83ನ್ನೇ ಉಳಿಸಿಕೊಳ್ಳಿ. ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯದು.

ಪ್ರಶ್ನೆ: ಇಲ್ಲಿ ಪ್ಯಾಕೆಟ್ಟಿನ ಮೇಲೆ ಕ್ಯಾಲರಿ ಬದಲು ಕಿಲೋಜೂಲ್ ಇರುತ್ತದೆ, ಹೋಟೆಲ್ ಬೋರ್ಡಿನಲ್ಲಿ ದಿನಕ್ಕೆ 8700 ಅಂತ ಬರೆದಿರುತ್ತಾರೆ. – ಸಿಡ್ನಿಯ ಓದುಗರು

ಉತ್ತರ: 4.184ರಿಂದ ಭಾಗಿಸಿ. ಅವಸರವಿದ್ದರೆ 4ರಿಂದ. 8700 ಅಂದರೆ 2080 ಕ್ಯಾಲರಿ, ಸರಾಸರಿ ವಯಸ್ಕರ ಲೆಕ್ಕ. ನಮ್ಮ ದೇಶದ ಪ್ಯಾಕೆಟ್‌ಗಳಲ್ಲಿ ಶೇಕಡಾವಾರು ಹಾಕುವಾಗ 2000 ಹಿಡಿಯುತ್ತಾರೆ. ಎರಡೂ ನಿಮ್ಮನ್ನು ನೋಡಿ ಬರೆದದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ, ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ 1660, 65 ಕಿಲೋ ತೂಕದ ಗಂಡಸಿಗೆ 2110 ಅಂತ ಇದೆ. ಅದೂ ತೂಕ ಉಳಿಸಿಕೊಳ್ಳೋಕೆ, ಇಳಿಸೋಕಲ್ಲ.

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಬಾಣಂತನದಲ್ಲಿ 12 ಕಿಲೋ ಏರಿದೆ. 1200 ಕ್ಯಾಲರಿ ಶುರು ಮಾಡಲಾ? – ಪುತ್ತೂರಿನ ಓದುಗರು

ಉತ್ತರ: ಹಾಲು ಕುಡಿಸುತ್ತಿದ್ದರೆ ಖಂಡಿತ ಬೇಡ. ಅದೇ ಪಟ್ಟಿಯಲ್ಲಿ ಮೊದಲ ಆರು ತಿಂಗಳು ಎದೆಹಾಲು ಕೊಡುವ ತಾಯಿಗೆ ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು ಅಂತಿದೆ. ಲೇಹ್ಯ ಮತ್ತು ತುಪ್ಪದ ಪ್ರಮಾಣ ಇಳಿಸಿ, ಮೊಟ್ಟೆ, ಮೀನು, ಬೇಳೆ, ಸೊಪ್ಪು ಇರಲಿ. ಮಗುವಿಗೆ ಮೇಲೂಟ ಶುರುವಾದ ಮೇಲೆ ಲೆಕ್ಕದ ಮಾತಾಡೋಣ.

ಪ್ರಶ್ನೆ: ಅಪ್ಪನಿಗೆ 66, ಸಕ್ಕರೆ ಕಾಯಿಲೆ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಯಾರೋ ಹೇಳಿದರು ಅಂತ ರಾತ್ರಿ ಊಟ ಬಿಟ್ಟು ತೂಕ ಇಳಿಸುತ್ತಿದ್ದಾರೆ. ಸರಿಯಾ? – ತುಮಕೂರಿನ ಓದುಗರು

ಉತ್ತರ: ಊಟ ಬಿಡೋದನ್ನು ಇವತ್ತೇ ನಿಲ್ಲಿಸಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಇನ್ಸುಲಿನ್ ಕೂಡ, ಊಟ ಬಿಟ್ಟರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಅದು ರಾತ್ರಿ ನಿದ್ದೆಯಲ್ಲಿ ಆದರೆ ಯಾರಿಗೂ ಗೊತ್ತಾಗೋದಿಲ್ಲ. ಮಾತ್ರೆಯ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ತೂಕ ಇಳಿಸಬೇಕು ಅಂತಿದ್ದಾರೆ ಅಂತ ಹೇಳಿ, ಔಷಧದ ಪ್ರಮಾಣವನ್ನು ಅವರೇ ಹೊಂದಿಸುತ್ತಾರೆ. ಅಲ್ಲಿಯವರೆಗೆ ರಾತ್ರಿ ಹೊತ್ತಿಗೆ ಸರಿಯಾಗಿ ಊಟ ಮಾಡಲಿ. ಬೆವರು, ನಡುಕ, ಗಲಿಬಿಲಿ ಕಂಡರೆ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.