ಸ್ಪಾಂಗ್ ಕಾಫಿ ಮಿಲ್ಲಿಗೆ ಲೇತ್ ಬೇಡ

ಅಜ್ಜಿಯ ಕಾಲದ ಸ್ಪಾಂಗ್ ಮಿಲ್ಲಿನ ಹಿಡಿ ಬಿಗಿಯಾಗಿದೆ, ಪುಡಿ ತರಿತರಿಯಾಗಿ ಬೀಳುತ್ತದೆ, ಬೀಜ ಅರೆಯುವ ಹಲ್ಲುಗಳನ್ನು ಲೇತಿಗೆ ಕೊಟ್ಟು ಹರಿತ ಮಾಡಿಸಿ ಹೊಸ ಬಣ್ಣ ಹೊಡೆಸಲೇ ಅಂತ ಕೇಳಿದ್ದೀರಿ. ಎರಡೂ ಬೇಡ.

ಲಂಡನ್ನಿನ ಸ್ಪಾಂಗ್ ಕಂಪನಿಯ ಈ ಕೈಯಿಂದ ತಿರುಗಿಸುವ ಮಿಲ್ಲುಗಳು ಬೀಡು ಕಬ್ಬಿಣದವು. ಹಲ್ಲು ಸವೆಯುವುದಕ್ಕಿಂತ, ಹಳೆಯ ಕಾಫಿ ಜಿಡ್ಡು ಸಂದಿಗಳಲ್ಲಿ ಕಪ್ಪು ಅರಗಿನ ಹಾಗೆ ಗಟ್ಟಿಯಾಗಿ ಕೂತಿರುವುದೇ ಹೆಚ್ಚು. ಮೊದಲು ಬಿಡಿಭಾಗಗಳ ಜೋಡಣೆಯ ಫೋಟೋ ತೆಗೆದುಕೊಳ್ಳಿ. ತಿರುಪು ಕದಲದಿದ್ದರೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ಸುತ್ತಿಗೆ ಮಾತ್ರ ಮುಟ್ಟಬೇಡಿ, ಬೀಡು ಬಾಗುವುದಿಲ್ಲ, ಸೀಳುತ್ತದೆ. ಆಮೇಲೆ ಬೆಸುಗೆ ಹಾಕುವವರನ್ನು ಹುಡುಕುವುದೇ ಒಂದು ಕೆಲಸ.

ಹಲ್ಲುಗಳನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಹಿತ್ತಾಳೆ ಬ್ರಷ್‌ನಿಂದ ತಿಕ್ಕಿ. ಉಳಿದ ತುಕ್ಕಿಗೆ ಹುಣಸೆ ರಸ ಸಾಕು, ಆದರೆ ಗಂಟೆಗಟ್ಟಲೆ ಬಿಡಬಾರದು. ತೊಳೆದ ಕೂಡಲೇ ಒಲೆಯ ಪಕ್ಕ ಬಿಸಿ ಮಾಡಿ ಒಣಗಿಸಿ, ಇಲ್ಲದಿದ್ದರೆ ಕಣ್ಣೆದುರೇ ಕೆಂಪು ತುಕ್ಕು ಮತ್ತೆ ಏಳುತ್ತದೆ. ಅಕ್ಷಕ್ಕೆ ಆಹಾರ ಯಂತ್ರಗಳಿಗೆ ಬಳಸುವ ಮಿನರಲ್ ಎಣ್ಣೆ ಎರಡು ಹನಿ. ಕೊಬ್ಬರಿ ಎಣ್ಣೆ ಬೇಡ, ಕಮಟು ಹಿಡಿಯುತ್ತದೆ.

ಜೋಡಿಸಿದ ಮೇಲೆ, ಹಲ್ಲುಗಳ ಅಂತರ ಹೊಂದಿಸುವ ತಿರುಪನ್ನು ಅವು ಒಂದಕ್ಕೊಂದು ತಾಗುವ ತನಕ ಬಿಗಿಮಾಡಿ, ಕೊಂಚ ಸಡಿಲಿಸಿ. ಒಂದು ಹಿಡಿ ಅಕ್ಕಿ ಬೀಸಿ ಎಸೆಯಿರಿ, ನಂತರ ಸ್ವಲ್ಪ ಹಳೆ ಕಾಫಿಬೀಜ. ಇಷ್ಟಾದ ಮೇಲೂ ತರಿಯೇ ಬಿದ್ದರೆ ಆಗ ಹಲ್ಲಿನ ವಿಚಾರ ನೋಡೋಣ, ಹತ್ತಿರದ ಫೋಟೋ ಹಾಕಿ.

ಬಣ್ಣ? ಮಿಲ್ಲಿನ ಮೇಲಿರುವ ಆ ಚಿನ್ನದ ಬಣ್ಣದ ಅಕ್ಷರಗಳು ಹೋದರೆ ವಾಪಸ್ ಬರುವುದಿಲ್ಲ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಉಪ್ಪುಕಾಗದ ಹಾಕಿ ಉಜ್ಜಿ ಧೂಳೆಬ್ಬಿಸಬೇಡಿ. ಮರದ ಹಿಡಿಗೆ ಮಾತ್ರ ಅಗಸೆ ಎಣ್ಣೆ ತೆಳ್ಳಗೆ ಸವರಿ.