ಆರು ವರ್ಷ ಕಾದವರ ಓದು

ಓದುಗರ ಕಾಗದ, ಸಕಲೇಶಪುರದಿಂದ:

"ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’ ಕಾದಂಬರಿಯ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಜಾರಾಯಿತು. ಬರೆದವರು ಆ ಸರಣಿಯ ಐದೂ ಪುಸ್ತಕಗಳನ್ನು ಒಂದೇ ಮಳೆಗಾಲದಲ್ಲಿ ಓದಿ ಮುಗಿಸಿದ್ದಾರಂತೆ. ಐದನೆಯದಾದ ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನುತ್ತಾರೆ. ನಾನು ಹಾಸನದಲ್ಲಿ ಡಿಗ್ರಿ ಮಾಡುವಾಗ ನಾಲ್ಕನೆಯದನ್ನು ಮುಗಿಸಿ ಕಾಯಲು ಶುರು ಮಾಡಿದವನು. ಐದನೆಯದು ಕೈಗೆ ಬರುವ ಹೊತ್ತಿಗೆ ಮದುವೆಯಾಗಿ ತೋಟ ನೋಡಿಕೊಳ್ಳುತ್ತಿದ್ದೆ. ಅರ್ಧ ಓದಿ ಅಟ್ಟಕ್ಕೆ ಹಾಕಿದೆ. ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ, ಹೂವಾಯಿತು, ಕಾಯಿ ಕಟ್ಟಲಿಲ್ಲ. ಆರನೆಯದಂತೂ ಇನ್ನೂ ಬಂದಿಲ್ಲ. ಕಾದವರ ಬಗ್ಗೆ ಲೇಖಕರಿಗೆ ಏನಾದರೂ ಜವಾಬ್ದಾರಿ ಇದೆಯಾ ಇಲ್ವಾ? ನೀವು ಯಾರ ಕಡೆ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆ ಲೇಖನಕ್ಕೆ ಬಂದ ಕಾಗದಗಳೆಲ್ಲ ನನ್ನ ಮೇಜಿನ ಮೇಲಿವೆ. ಅರ್ಧದಷ್ಟು ಜನ ‘ನಮ್ಮ ಮನಸ್ಸಿನ ಮಾತು’ ಅಂದಿದ್ದಾರೆ. ಉಳಿದವರು ನಿಮ್ಮ ಹಾಗೆ ನೊಂದುಕೊಂಡಿದ್ದಾರೆ. ಚಿಕ್ಕಮಗಳೂರಿನ ನಮ್ಮ ಈ ಪುಟ್ಟ ಆಫೀಸಿನಲ್ಲೂ ಇಬ್ಬರು ಇದೇ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ. ಕಥೆಯ ಗುಟ್ಟುಗಳೂ ಬರುತ್ತವೆ. ಇನ್ನೂ ಓದದವರು ಈ ಪುಟ ತಿರುಗಿಸಿಬಿಡಿ.

ನಾನೂ ಕಾದವನು. ಮೊದಲು ಅದನ್ನು ಹೇಳಿಬಿಡುತ್ತೇನೆ.

‘ಎ ಸಾಂಗ್ ಆಫ್ ಐಸ್ ಆಂಡ್ ಫೈರ್’ ಅನ್ನುವ ಈ ಸರಣಿಯ ಮೊದಲ ಪುಸ್ತಕ ಬಂದಿದ್ದು 1996ರಲ್ಲಿ. ಎರಡನೆಯದು 1998ರಲ್ಲಿ, ಮೂರನೆಯದು 2000ದಲ್ಲಿ. ಎರಡು ವರ್ಷಕ್ಕೊಂದು ಪುಸ್ತಕ. ಈ ಲೆಕ್ಕ ಓದುಗರ ಮೈಗೆ ಹತ್ತಿಬಿಟ್ಟಿತು. ಆಮೇಲೆ ನಾಲ್ಕನೆಯದಕ್ಕೆ, ಅಂದರೆ ‘ಎ ಫೀಸ್ಟ್ ಫಾರ್ ಕ್ರೋಸ್’ಗೆ, 2005ರ ತನಕ ಕಾಯಬೇಕಾಯಿತು. ಬಂದ ಮೇಲೆ ನೋಡಿದರೆ ಅದರಲ್ಲಿ ಅರ್ಧ ಜನವೇ ಇಲ್ಲ! ಉತ್ತರದ ಗೋಡೆ ಕಾಯುವ ಜಾನ್ ಸ್ನೋ ಕಣ್ಣಿಂದ ಹೇಳಿದ ಒಂದು ಅಧ್ಯಾಯವೂ ಇಲ್ಲ. ಜಾಣ ಕುಬ್ಜ ಟಿರಿಯನ್ ಇಲ್ಲ. ಡ್ರ್ಯಾಗನ್‌ಗಳ ಒಡತಿ ಡೆನೇರಿಸ್ ಇಲ್ಲ. ಕಥೆ ತೀರ ಉದ್ದವಾಗಿ ಒಂದು ಸಂಪುಟದಲ್ಲಿ ಹಿಡಿಯದೆ ಹೋದಾಗ ಮಾರ್ಟಿನ್ ಅದನ್ನು ಎರಡು ಮಾಡಿದರು. ಕಾಲದ ಪ್ರಕಾರ ಕತ್ತರಿಸಲಿಲ್ಲ, ಊರಿನ ಪ್ರಕಾರ ಕತ್ತರಿಸಿದರು. ದಕ್ಷಿಣದ ಕಥೆ ನಾಲ್ಕನೆಯದಕ್ಕೆ, ಉತ್ತರದ ಗೋಡೆ ಮತ್ತು ಕಡಲಾಚೆಯ ಕಥೆ ಐದನೆಯದಕ್ಕೆ. ಪುಸ್ತಕದ ಕೊನೆಯಲ್ಲಿ ಒಂದು ಟಿಪ್ಪಣಿ ಹಾಕಿದರು. ಉಳಿದವರೆಲ್ಲ ಮುಂದಿನ ವರ್ಷ ಬರುತ್ತಾರೆ ಅಂತ ಮನಸಾರೆ ಆಶಿಸುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು.

ಆ ‘ಮುಂದಿನ ವರ್ಷ’ ಬಂದಿದ್ದು 2011ರ ಜುಲೈನಲ್ಲಿ.

ನಾವು ಆರು ವರ್ಷ ಕಾದೆವು ಅನ್ನುತ್ತೇವೆ. ಲೆಕ್ಕ ಸರಿಯಾಗಿ ಹಾಕಿದರೆ ಇನ್ನೂ ಜಾಸ್ತಿ. ಮೂರನೆಯ ಪುಸ್ತಕದ ಕೊನೆಯಲ್ಲಿ ಟಿರಿಯನ್ ತನ್ನ ತಂದೆಯನ್ನು ಕೊಂದು ತಪ್ಪಿಸಿಕೊಳ್ಳುತ್ತಾನೆ. ಅದನ್ನು 2000ದಲ್ಲಿ ಓದಿದವರಿಗೆ ಅವನು ಮತ್ತೆ ಸಿಕ್ಕಿದ್ದು 2011ರಲ್ಲಿ, ಐದನೆಯ ಪುಸ್ತಕದ ಶುರುವಿನಲ್ಲಿ, ಒಂದು ಹಡಗಿನ ಒಳಗೆ. ಹನ್ನೊಂದು ವರ್ಷ! ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರು ನಾವು. ಕೊನೆಗೆ ‘ಮುಂದುವರಿಯುವುದು’ ಅಂತ ಇರುತ್ತಿತ್ತು. ಏಳು ದಿನ ಕಾಯುವುದರಲ್ಲಿ ಒಂದು ಸುಖ ಇತ್ತು. ಹನ್ನೊಂದು ವರ್ಷದಲ್ಲಿ ಓದುವವನೇ ಬೇರೆ ಆಗಿಬಿಡುತ್ತಾನೆ. ನೀವು ಹಾಸ್ಟೆಲ್ ಹುಡುಗನಿಂದ ತೋಟದ ಯಜಮಾನರಾದಿರಿ ಅಲ್ವಾ, ಹಾಗೆ.

ಈಗ ನಿಮ್ಮ ಸಿಟ್ಟಿಗೂ ಆ ಲೇಖನ ಬರೆದವರ ಖುಷಿಗೂ ಕಾರಣ ಒಂದೇ ಅನ್ನುವುದು ನನ್ನ ನಂಬಿಕೆ. ಹೇಗೆ ಅಂತ ಹೇಳುತ್ತೇನೆ.

2011ರ ಏಪ್ರಿಲ್‌ನಲ್ಲಿ ಇದೇ ಕಥೆಯ ಟಿವಿ ಸರಣಿ ‘ಗೇಮ್ ಆಫ್ ಥ್ರೋನ್ಸ್’ ಎಚ್‌ಬಿಒ ಚಾನೆಲ್‌ನಲ್ಲಿ ಶುರುವಾಯಿತು. ಪುಸ್ತಕ ಬಂದಿದ್ದು ಜುಲೈನಲ್ಲಿ. ನಡುವೆ ಮೂರೇ ತಿಂಗಳು. ಟಿವಿ ನೋಡಿ ಪುಸ್ತಕಕ್ಕೆ ಬಂದವರು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಓದಿ ಐದನೆಯದಕ್ಕೆ ಕೈ ಹಾಕಿದರು. ಹೀಗೆ ಒಂದೇ ದಿನ, ಒಂದೇ ಪುಸ್ತಕವನ್ನು, ಎರಡು ಬೇರೆ ಜಾತಿಯ ಓದುಗರು ತೆರೆದರು. ಕೆಲವರು ಕಾದಿದ್ದು ಆರು ವಾರ. ಕೆಲವರು ಆರು ವರ್ಷ. ಆರು ವಾರದವರಿಗೆ ಅದು ನಡೆಯುತ್ತಿರುವ ಕಥೆಯ ಇನ್ನೊಂದು ಭಾಗ. ನಮಗೆ ಅದು ಉತ್ತರ. ಅಷ್ಟು ವರ್ಷ ನಾವು ಕೇಳಿಕೊಂಡ ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕಾದ ಪುಸ್ತಕ. ಜಾನ್‌ನ ತಾಯಿ ಯಾರು? ಡ್ರ್ಯಾಗನ್‌ಗಳು ಯಾವಾಗ ಕಡಲು ದಾಟುತ್ತವೆ? ನಾವೇ ಮನಸ್ಸಿನಲ್ಲಿ ಒಂದು ಐದನೆಯ ಪುಸ್ತಕ ಬರೆದು ಇಟ್ಟುಕೊಂಡಿದ್ದೆವು. ಮಾರ್ಟಿನ್ ಕೊಟ್ಟಿದ್ದು ಬೇರೆ.

ಅವರು ಕೊಟ್ಟಿದ್ದು ಏನು? ಸಾವಿರ ಪುಟ. ಅದರ ದೊಡ್ಡ ಪಾಲು ನಾಲ್ಕನೆಯ ಪುಸ್ತಕ ನಡೆದ ಕಾಲದಲ್ಲೇ ನಡೆಯುತ್ತದೆ. ಅಂದರೆ ಗಡಿಯಾರ ಮುಂದೆ ಹೋಗುವುದಿಲ್ಲ. ಡೆನೇರಿಸ್ ಮೀರೀನ್ ಊರಿನಲ್ಲಿ ಕೂತು ರಾಜ್ಯ ಆಳಲು ಒದ್ದಾಡುತ್ತಾಳೆ. ಟಿರಿಯನ್ ಅವಳ ಕಡೆ ಹೊರಟವನು ಕೊನೆಗೂ ಅವಳೊಡನೆ ಒಂದು ಮಾತು ಆಡುವುದಿಲ್ಲ. ಎರಡು ದೊಡ್ಡ ಯುದ್ಧಗಳಿಗೆ ಇಡೀ ಪುಸ್ತಕ ತಯಾರಿ ಮಾಡುತ್ತದೆ. ಎರಡೂ ಮುಂದಿನ ಸಂಪುಟಕ್ಕೆ ಹೋದವು. ಕಾಯಿ ಕಟ್ಟಲಿಲ್ಲ ಅಂತ ನೀವು ಬರೆದಿದ್ದು ಇಲ್ಲಿ ನೂರಕ್ಕೆ ನೂರು ನಿಜ. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಆದ ಮೇಲೆ ಇಪ್ಪತ್ತು ದಿನದಲ್ಲಿ ಇನ್ನೊಂದು ಮಳೆ ಬರಲೇಬೇಕು ಅನ್ನುವುದು ನಿಮಗೆ ನಾನು ಹೇಳಿಕೊಡಬೇಕಾ? ಆ ಎರಡನೆಯ ಮಳೆಯನ್ನು ಪುಸ್ತಕದಿಂದ ತೆಗೆದದ್ದು ತಪ್ಪು. ಯುದ್ಧ ಬೇಕಿತ್ತು. ಎರಡಲ್ಲದಿದ್ದರೆ ಒಂದಾದರೂ ಬೇಕಿತ್ತು. ಇದರಲ್ಲಿ ನಾನು ನಿಮ್ಮ ಕಡೆ.

ಆದರೆ ಈ ಪುಸ್ತಕದಲ್ಲಿ ‘ಏನೂ ನಡೆಯುವುದಿಲ್ಲ’ ಅಂತ ಹಲವರು ಹೇಳುವ ಮಾತನ್ನು ಒಪ್ಪುವುದಿಲ್ಲ. ಈ ವರ್ಷ ನಾಲ್ಕನೆಯದು, ಐದನೆಯದು ಎರಡೂ ಪಕ್ಕದಲ್ಲಿಟ್ಟುಕೊಂಡು, ಇದರದ್ದೊಂದು ಅಧ್ಯಾಯ ಅದರದ್ದೊಂದು ಅಧ್ಯಾಯ ಅಂತ ಹೆಣೆದು ಓದಿದೆ. ಹಾಗೆ ಓದುವ ಕ್ರಮವನ್ನು ಓದುಗರೇ ಮಾಡಿಕೊಂಡಿದ್ದಾರೆ. 2011ರಲ್ಲಿ ನನಗೆ ಕಾಣದೇ ಹೋದದ್ದು ಈ ಸಲ ಕಂಡಿತು.

ಥಿಯಾನ್ ಗ್ರೇಜಾಯ್‌ನನ್ನು ನೆನಪು ಮಾಡಿಕೊಳ್ಳಿ. ತನ್ನನ್ನು ಸಾಕಿದ ಮನೆಗೇ ದ್ರೋಹ ಮಾಡಿದವನು. ಎರಡನೆಯ ಪುಸ್ತಕ ಆದ ಮೇಲೆ ಅವನ ಅಧ್ಯಾಯಗಳೇ ಇಲ್ಲ. ಐದನೆಯದರಲ್ಲಿ ಕತ್ತಲಕೋಣೆಯಲ್ಲಿ ಒಬ್ಬ ಇಲಿ ಹಿಡಿದು ತಿನ್ನುತ್ತಿರುತ್ತಾನೆ. ಅಧ್ಯಾಯದ ತಲೆಬರಹ ‘ರೀಕ್’. ಯಾರಿವನು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕು. ಗೊತ್ತಾದಾಗ ಹೊಟ್ಟೆ ತೊಳಸುತ್ತದೆ. ಚಿತ್ರಹಿಂಸೆಯಿಂದ ಅವನ ಹೆಸರನ್ನೇ ಮರೆಸಿಬಿಟ್ಟಿದ್ದಾರೆ. ಅವನಿಗೆ ಏಳು ಅಧ್ಯಾಯಗಳಿವೆ. ಮೊದಲ ಮೂರರ ತಲೆಬರಹ ‘ರೀಕ್’. ಆಮೇಲೆ ‘ವಿಂಟರ್‌ಫೆಲ್‌ನ ರಾಜಕುಮಾರ’. ಆಮೇಲೆ ‘ಪಕ್ಷ ಬದಲಿಸಿದವನು’. ಆಮೇಲೆ ‘ವಿಂಟರ್‌ಫೆಲ್‌ನ ಒಂದು ದೆವ್ವ’. ಏಳನೆಯದರ ತಲೆಬರಹ ಸುಮ್ನೆ ‘ಥಿಯಾನ್’. ತಲೆಬರಹಗಳಲ್ಲೇ ಒಬ್ಬ ಮನುಷ್ಯ ತನ್ನ ಹೆಸರನ್ನು ಹುಡುಕಿಕೊಂಡು ವಾಪಸ್ ಬರುತ್ತಾನೆ. ಆ ಏಳನೆಯದನ್ನು ತೆರೆದು ಹೆಸರು ನೋಡಿದಾಗ ನನ್ನ ಕಣ್ಣು ತುಂಬಿತು. ಒಬ್ಬ ದ್ರೋಹಿಗಾಗಿ! ಇಡೀ ಸರಣಿಯಲ್ಲಿ ಇದಕ್ಕಿಂತ ಮೇಲಾದ ಬರವಣಿಗೆ ಇಲ್ಲ ಅಂತ ನನಗೆ ಅನಿಸುತ್ತದೆ.

ಕ್ವೆಂಟಿನ್ ಅನ್ನುವ ರಾಜಕುಮಾರನ ಮೇಲೂ ತುಂಬ ಓದುಗರಿಗೆ ಕೋಪ. ಇವನ್ಯಾಕೆ ಬಂದ, ಇವನಿಂದ ಏನಾಯಿತು ಅಂತ. ನಾವು ಅಜ್ಜಿ ಕಥೆ ಕೇಳಿ ಬೆಳೆದವರು. ರಾಜಕುಮಾರ ಏಳು ಸಮುದ್ರ ದಾಟುತ್ತಾನೆ, ರಾಜಕುಮಾರಿ ಸಿಗುತ್ತಾಳೆ. ಕ್ವೆಂಟಿನ್ ಕೂಡ ಅದೇ ಕಥೆ ಕೇಳಿದ ಹುಡುಗ. ಸಮುದ್ರ ದಾಟುತ್ತಾನೆ. ಗೆಳೆಯರನ್ನು ಕಳೆದುಕೊಳ್ಳುತ್ತಾನೆ. ರಾಣಿ ಡೆನೇರಿಸ್ ಮುಂದೆ ನಿಲ್ಲುವ ಹೊತ್ತಿಗೆ ಅವಳ ಮದುವೆ ಬೇರೆಯವನ ಜೊತೆ ಗೊತ್ತಾಗಿಹೋಗಿದೆ. ಬರಿಗೈಲಿ ಊರಿಗೆ ಹೋಗಲಾರದೆ ಡ್ರ್ಯಾಗನ್ ಹಿಡಿಯಲು ಹೋಗಿ ಸುಟ್ಟು ಸಾಯುತ್ತಾನೆ. ಅವನಿಂದ ಏನೂ ಆಗುವುದಿಲ್ಲ, ನಿಜ. ತಾನು ಕಥೆಯ ನಾಯಕ ಅಂತ ನಂಬಿದ ಹುಡುಗ ನಾಯಕನಲ್ಲ ಅನ್ನುವುದು ಅವನಿಗೂ ನಮಗೂ ಒಟ್ಟಿಗೇ ಗೊತ್ತಾಗುತ್ತದೆ. ಯುದ್ಧಕ್ಕಾಗಿ ಕಾಯುತ್ತಿದ್ದಾಗ ಇದು ನನಗೆ ತಟ್ಟಲೇ ಇಲ್ಲ. ಪುಟ ಹಾರಿಸಿದ್ದೆ.

ನಾಲ್ಕನೆಯದರಲ್ಲಿ ಬ್ರಿಯೆನ್ ಅನ್ನುವ ಯೋಧೆ ಸುಟ್ಟುಹೋದ ಹಳ್ಳಿಗಳಲ್ಲಿ ಅಲೆಯುತ್ತಾಳಲ್ಲ, ಅಲ್ಲಿ ಬರಿಗಾಲಿನ ಒಬ್ಬ ಅರ್ಚಕ ಸಿಗುತ್ತಾನೆ. ಯುದ್ಧಕ್ಕೆ ಹೋದ ಬಡ ರೈತರ ಮಕ್ಕಳು ಹೇಗೆ ಮುರಿದು ಕಳ್ಳಕಾಕರಾಗುತ್ತಾರೆ ಅಂತ ಹೇಳುತ್ತಾನೆ. ಹೆಚ್ಚೆಂದರೆ ಎರಡು ಪುಟ. ಅದಕ್ಕಾಗಿಯೇ ಆ ಪುಸ್ತಕ ಕೊಳ್ಳಬಹುದು.

ಮುಖ್ಯ ದಾರಿ ಬಿಟ್ಟು ಅಡ್ಡದಾರಿ ಹಿಡಿಯುವ ಕಥೆ ನಮ್ಮ ಸೀಮೆಗೆ ಹೊಸದಲ್ಲ. ಕಡೂರು ಕಡೆಯ ದೇವನೂರಿನ ಲಕ್ಷ್ಮೀಶ ಏನು ಮಾಡಿದ? ಮಹಾಭಾರತದಲ್ಲಿ ಕುರುಕ್ಷೇತ್ರ ಬಿಟ್ಟ. ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕುದುರೆ ಹಿಂದೆ ಹೋದ. ಆ ಕುದುರೆ ಎಲ್ಲೆಲ್ಲಿ ಹೋಯಿತೋ ಅಲ್ಲಲ್ಲಿ ಒಂದೊಂದು ಕಥೆ. ಸುಧನ್ವ, ಬಭ್ರುವಾಹನ, ಚಂದ್ರಹಾಸ. ನಮ್ಮ ಹಿರಿಯರು ಗಮಕಿಗಳ ಬಾಯಲ್ಲಿ ಇದನ್ನು ಕೇಳುವಾಗ ‘ಭೀಮ ಯಾವಾಗ ಬರುತ್ತಾನೆ’ ಅಂತ ಚಡಪಡಿಸಲಿಲ್ಲ. ಚಂದ್ರಹಾಸನ ಕಥೆಗೆ ಕಣ್ಣೀರು ಹಾಕಿದರು.

ಇದನ್ನು ಓದಿ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ಮಹಾಭಾರತದ ಕೊನೆ ಎಲ್ಲರಿಗೂ ಮೊದಲೇ ಗೊತ್ತಿತ್ತು, ಇದರದ್ದು ಗೊತ್ತಿಲ್ಲ. ಸರಿಯಾದ ಪ್ರಶ್ನೆ. ಕೊನೆ ಗೊತ್ತಿದ್ದವನಿಗೆ ಅಡ್ಡದಾರಿ ಒಂದು ತಿರುಗಾಟ. ಗೊತ್ತಿಲ್ಲದವನಿಗೆ ಅದು ಅಡ್ಡಿ. ನಮ್ಮ ಆಫೀಸಿನ ಗೆಳೆಯರೊಬ್ಬರು ಹಳೇಬೀಡಿನ ಮಾತು ತೆಗೆದರು. ಆ ಗುಡಿಗೆ ಶಿಖರ ಇಲ್ಲ, ಆದರೂ ಜನ ನೋಡಲು ಬರುವುದಿಲ್ಲವಾ ಅಂದರು. ಈ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ಗೋಡೆಯ ಮೇಲಿನ ಒಂದೊಂದು ಶಿಲ್ಪವೂ ತನ್ನಷ್ಟಕ್ಕೆ ಪೂರ್ತಿ. ಕಥೆ ಹಾಗಲ್ಲ. ಅದು ‘ಆಮೇಲೆ?’ ಅನ್ನುವ ಪ್ರಶ್ನೆಯ ಮೇಲೆ ನಿಂತಿದೆ.

ಜವಾಬ್ದಾರಿಯ ಮಾತಿಗೆ ಬರುತ್ತೇನೆ. ಪುಸ್ತಕ ಯಾಕೆ ತಡವಾಯಿತು ಅನ್ನುವುದು ಗುಟ್ಟಲ್ಲ, ಮಾರ್ಟಿನ್ ತಾವೇ ಹೇಳಿಕೊಂಡಿದ್ದಾರೆ. ಮೂರನೆಯದಾದ ಮೇಲೆ ಕಥೆಯನ್ನು ಐದು ವರ್ಷ ಮುಂದಕ್ಕೆ ಜಿಗಿಸಬೇಕು ಅಂತ ಇದ್ದರು. ಮಕ್ಕಳು ದೊಡ್ಡವರಾಗಲಿ, ಡ್ರ್ಯಾಗನ್‌ಗಳು ಬೆಳೆಯಲಿ ಅಂತ. ಬರೆಯುತ್ತ ಹೋದಾಗ ಕೆಲವರಿಗೆ ಅದು ಹೊಂದಿತು, ಕೆಲವರಿಗೆ ಹೊಂದಲಿಲ್ಲ. ಬರೆದಿದ್ದನ್ನು ಬಿಟ್ಟುಕೊಟ್ಟರು. ಆಮೇಲೆ ಮೀರೀನ್‌ಗೆ ಯಾರು ಮೊದಲು ಬರಬೇಕು, ಯಾರು ಆಮೇಲೆ ಅನ್ನುವ ಗಂಟು. ಅದನ್ನು ಬಿಚ್ಚಲು ಡೆನೇರಿಸ್‌ನ ಕಾವಲಿನ ಮುದುಕ ಬ್ಯಾರಿಸ್ಟನ್‌ನ ಕಣ್ಣಿಂದ ಅಧ್ಯಾಯಗಳನ್ನು ಬರೆಯಬೇಕಾಯಿತು. ಇದು ಸೋಮಾರಿಯ ಕೆಲಸ ಅಲ್ಲ. ತಪ್ಪಿ, ಹರಿದು, ಮತ್ತೆ ಬರೆದವರ ಕೆಲಸ.

ಹಾಗಾದರೆ ಅವರ ತಪ್ಪೇ ಇಲ್ಲವಾ? ಇದೆ. ಆ ‘ಮುಂದಿನ ವರ್ಷ’ದ ಟಿಪ್ಪಣಿ. ಕೆಲವು ಅಧ್ಯಾಯ ಆಗಲೇ ಬರೆದಿದ್ದರಿಂದ ನಂಬಿಕೆಯಿಂದಲೇ ಹೇಳಿದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಚ್ಚಾದ ಮಾತು ಮಾತೇ. ಓದುಗ ಅದನ್ನು ನೆಚ್ಚಿಕೊಳ್ಳುತ್ತಾನೆ. ಬರೆಯುವವರು ಇಷ್ಟು ದಿನಕ್ಕೆ ಮುಗಿಸಬೇಕು ಅಂತ ಕೇಳುವ ಹಕ್ಕು ನಮಗಿಲ್ಲ. ದಿನ ಹೇಳಬೇಡಿ ಅಂತ ಕೇಳುವ ಹಕ್ಕು ಇದೆ. ಜವಾಬ್ದಾರಿ ಅಂದರೆ ನನ್ನ ಮಟ್ಟಿಗೆ ಇಷ್ಟೇ, ಮತ್ತು ಕೊಟ್ಟ ಪುಟದಲ್ಲಿ ಮೋಸ ಇರಬಾರದು. ಥಿಯಾನ್‌ನ ಆ ಏಳು ಅಧ್ಯಾಯಗಳಲ್ಲಿ ಮೋಸ ಇಲ್ಲ.

ಇನ್ನೊಂದು ಮಾತು ನಿಮಗಲ್ಲ, ಬೇರೆ ಎರಡು ಕಾಗದ ಬರೆದವರಿಗೆ. ಲೇಖಕರ ವಯಸ್ಸು, ಆರೋಗ್ಯ ಹಿಡಿದು ‘ಇವರು ಹೋಗುವುದರೊಳಗೆ ಮುಗಿಸಲಿ’ ಅಂತ ಬರೆದಿದ್ದೀರಿ. ಅವನ್ನು ನಾನು ಅಚ್ಚು ಹಾಕುವುದಿಲ್ಲ. ನಮಗೆ ಇಷ್ಟು ಕೊಟ್ಟ ಮನುಷ್ಯನ ಸಾವನ್ನು ಹೀಗೆ ಲೆಕ್ಕ ಹಾಕಬಾರದು.

ಆರನೆಯದು ಬರದೇ ಹೋದರೆ? ನಿಮ್ಮ ಕಾಗದದಲ್ಲಿ ಈ ಭಯವೇ ಜಾಸ್ತಿ ಕಂಡಿತು. ‘ವೀಲ್ ಆಫ್ ಟೈಮ್’ ಬರೆದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿ ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಮೂರು ಸಂಪುಟ ಬರೆದು 2013ರಲ್ಲಿ ಮುಗಿಸಿದರು. ನಮ್ಮಲ್ಲೂ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ಜನ ಇವತ್ತಿಗೂ ಹಾಡುವುದು ಆ ಹತ್ತು ಪರ್ವ. ಇದರಿಂದ ನಿಮಗೆ ಸಮಾಧಾನ ಆಗುತ್ತದೆ ಅಂತ ಹೇಳಲಾರೆ. ನನಗೂ ಪೂರ್ತಿ ಆಗಿಲ್ಲ. ಐದನೆಯದರ ಕೊನೆಯ ಹತ್ತಿರ ಜಾನ್‌ನ ಮೈಗೆ ಕತ್ತಿ ಇಳಿದ ಆ ಪುಟದಲ್ಲೇ ನಾನೂ ನಿಂತಿದ್ದೇನೆ. ಟಿವಿ ಏನು ತೋರಿಸಿತು ಅನ್ನುವುದು ನನಗೆ ಉತ್ತರ ಅಲ್ಲ.

ಆ ಲೇಖನ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಕಾಯದೇ ಓದಿದವರಿಗೆ ಪುಸ್ತಕ ಹೇಗೆ ಕಾಣುತ್ತದೆ ಅಂತ ನಮಗೆ ತೋರಿಸಲು ಅವರಿಂದ ಮಾತ್ರ ಸಾಧ್ಯ. ಆದರೆ ಕಾದವರ ಓದನ್ನೂ ಪಕ್ಕದಲ್ಲೇ ಹಾಕಬೇಕಿತ್ತು. ಅದು ನನ್ನಿಂದಾದ ತಪ್ಪು. ಅದಕ್ಕೇ ನಿಮ್ಮ ಕಾಗದ ಈ ಸಂಚಿಕೆಯಲ್ಲಿ ಮೇಲ್ಗಡೆ ಬಂದಿದೆ.

ಒಂದು ಕೋರಿಕೆ. ಅಟ್ಟದಿಂದ ಪುಸ್ತಕ ಇಳಿಸಿ. ಪೂರ್ತಿ ಬೇಡ, ಮೀರೀನ್ ಬೇಡ. ಆ ಏಳು ಅಧ್ಯಾಯಗಳನ್ನು ಮಾತ್ರ ಗುರುತು ಹಾಕಿಕೊಂಡು ಸಾಲಾಗಿ ಓದಿ. ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಸಾಕು, ಅವಸರ ಇಲ್ಲ. ಓದಿ ಮತ್ತೊಂದು ಕಾಗದ ಬರೆಯಿರಿ. ಸಿಟ್ಟು ಹಾಗೇ ಇದ್ದರೆ ಅದನ್ನೂ ಬರೆಯಿರಿ, ಹಾಕುತ್ತೇವೆ.

– ಸಂಪಾದಕ